ಎರಡು ಗಂಟಿನ ಚಾದರ

ಫೋನು ಬಂದದ್ದು ಅಕ್ಕನ ಹೆಸರಿಗೆ. ಅವಳು ಹೋಗಿ ಆಗಲೇ ಎಂಟು ತಿಂಗಳಾಗಿತ್ತು.

"ಮೇಡಂ ಅದಾರೇನ್ರಿ?" ಎಂದು ಒಂದು ಹುಡುಗಿಯ ದನಿ ಕೇಳಿತು. ಇಲ್ಲ ಎಂದೆ. "ಯಾವಾಗ ಬರ್ತಾರ್ರಿ?" ಎಂದಳು. ಉತ್ತರಕ್ಕೆ ಕಾಯದೆ ಆಕೆಯೇ ಮುಂದುವರಿಸಿದಳು. ಹೋದ ವರ್ಷ ಹುಬ್ಬಳ್ಳಿಯ ಪ್ರದರ್ಶನದಲ್ಲಿ ಮೇಡಂ ಒಂದು ಚೀಟಿ ತುಂಬಿದ್ದರಂತೆ. ಅದಕ್ಕೆ ಬಹುಮಾನ ಹತ್ತಿದೆಯಂತೆ. ಊರ ಹೊರಗಿನ ದೊಡ್ಡ ರೆಸಾರ್ಟಿನಲ್ಲಿ ಇಬ್ಬರಿಗೆ ಎರಡು ದಿನ ಇರಲು, ಉಣ್ಣಲು ಎಲ್ಲ ಪುಕ್ಕಟೆ. ನಾನು ಆಗ ಹೇಳಿದೆ, ಮೇಡಂ ತೀರಿಕೊಂಡಿದ್ದಾರೆ ಎಂದು.  ಆಕೆ ಮೆಲ್ಲಗೆ, "ಹಂಗಾದ್ರ ನೀವಾ ಬರ್ರಿ" ಎಂದಳು. ಹುಡುಗಿಯದೇನೂ ತಪ್ಪಿಲ್ಲ. ಅವಳ ಕಾಗದದಲ್ಲಿ ಇಂಥ ಉತ್ತರಕ್ಕೆ ಜಾಗವೇ ಇದ್ದಿರಲಿಕ್ಕಿಲ್ಲ.

ಅಕ್ಕನಿಗೆ ಚೀಟಿ ತುಂಬುವ ಚಟವಿತ್ತು. ಸೀರೆ ಅಂಗಡಿ, ಮಿಕ್ಸರ್ ಅಂಗಡಿ, ಪ್ರದರ್ಶನದ ಮಳಿಗೆ, ಎಲ್ಲಿ ಗಾಜಿನ ಡಬ್ಬಿ ಕಂಡರೂ ನಿಂತು ತನ್ನ ದುಂಡು ಅಕ್ಷರದಲ್ಲಿ ಹೆಸರು ಬರೆದು ಹಾಕುವಳು. ಮೂವತ್ತು ವರ್ಷದಲ್ಲಿ ಒಂದು ಚಮಚೆ ಕೂಡ ಬಂದಿರಲಿಲ್ಲ. ನಾನು ಬೇಸರಪಟ್ಟರೆ, "ನೋಡ್ತಿರ ನೀ, ಒಂದಿನಾ ಹತ್ತತೈತಿ" ಎನ್ನುತ್ತಿದ್ದಳು. ಹತ್ತಿತು.

ನನಗೆ ಹೋಗುವ ಮನಸ್ಸಿರಲಿಲ್ಲ. ಆ ದಿನಗಳಲ್ಲಿ ಅಂಗಳ ದಾಟುವುದೂ ದೂರ ಅನಿಸುತ್ತಿತ್ತು. ಬೆಳಗ್ಗೆ ಎದ್ದು ಚಹಾ ಮಾಡಿಕೊಂಡು ಕುಡಿದರೆ ಆ ದಿನದ ಕೆಲಸ ಮುಗಿದಂತೆ. ತಮ್ಮನ ಮಗಳು ಧಾರವಾಡದಲ್ಲಿರುತ್ತಾಳೆ, ಅಲ್ಲಿಯ ಒಂದು ಶಾಲೆಯಲ್ಲಿ ಟೀಚರು. ವಾರಕ್ಕೊಮ್ಮೆ ಬಂದು ನನ್ನನ್ನು ನೋಡಿ, ಫ್ರಿಜ್ಜು ತೆಗೆದು ನೋಡಿ, ಹೋಗುತ್ತಾಳೆ. ಅವಳಿಗೆ ಈ ಸುದ್ದಿ ತಿಳಿದದ್ದೇ ಸಾಕಾಯಿತು.

"ಹೋಗ ಅತ್ತಿ. ದೊಡ್ಡತ್ತಿ ಗೆದ್ದದ್ದು. ಆಕಿ ಹೆಸರ್ಲೆ ಆದ್ರೂ ಹೋಗಿ ಬಾ."

"ಒಬ್ಬಾಕಿ ಹೋಗಿ ಏನ ಮಾಡ್ಲಿ?"

"ಏನೂ ಮಾಡಬ್ಯಾಡ. ಕುಂದ್ರು. ಇಲ್ಲಿ ಕುಂದ್ರೂದ ಅಲ್ಲಿ ಕುಂದ್ರು. ಅಷ್ಟರಾಗ ನಾ ಮನಿಗೆ ಸುಣ್ಣ ಹೊಡಸ್ತೇನಿ. ಮಂಚದ ಕೆಳಗ ಏನೇನ ತುಂಬಿಟ್ಟಿ, ಎಲ್ಲಾ ತಗದ ಬಿಸಾಕ್ತೇನಿ."

ಮಂಚದ ಕೆಳಗೆ ಯಾರೂ ಕೈ ಹಾಕುವಂತಿರಲಿಲ್ಲ. ಅಲ್ಲಿ ಒಂದು ಮೂಟೆಯಿತ್ತು. ಬಿಳಿ ಚಾದರದ ನಾಲ್ಕು ಮೂಲೆ ಸೇರಿಸಿ, ಒಂದರ ಮೇಲೊಂದು ಎರಡು ಗಂಟು ಹಾಕಿದ ಮೂಟೆ. ಎಂಟು ತಿಂಗಳಿಂದ ಅದನ್ನು ನಾನು ಬಿಚ್ಚಿರಲಿಲ್ಲ, ಒಗೆದಿರಲಿಲ್ಲ. ದಿನಾ ಒಮ್ಮೆ ಬಗ್ಗಿ ಅಲ್ಲೇ ಇದೆಯೇ ಎಂದು ನೋಡುತ್ತಿದ್ದೆ, ಅಷ್ಟೇ.

ಆ ಎರಡು ಗಂಟಿನ ಮಾತು ಹೇಳಬೇಕು. ನಾನು, ಅಕ್ಕ ಇಬ್ಬರೂ ಮದುವೆಯಾದವರಲ್ಲ. ಚರ್ಚಿನ ಸಭೆಯವರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ಸಭೆಯವರದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆವು. ಮೊದಲು ಅವಳು, ನಾಲ್ಕು ವರ್ಷದ ಮೇಲೆ ನಾನು. ನಮ್ಮದು ಹಾಸಿಗೆ ಬಟ್ಟೆಯ ಕೋಣೆ. ಒಗೆಯುವ ಹೆಂಗಸರಿಗೆ ಬಟ್ಟೆ ಎಣಿಸಿ ಕೊಡುವುದು, ಒಣಗಿ ಬಂದದ್ದನ್ನು ಮಡಚುವುದು, ಹರಿದದ್ದಕ್ಕೆ ತೇಪೆ ಹಾಕುವುದು. ಚಾದರ ಯಾವಾಗಲೂ ಇಬ್ಬರೇ ಮಡಚಬೇಕು, ನೆಲಕ್ಕೆ ತಾಗಬಾರದು. ಅವಳು ಆ ತುದಿ, ನಾನು ಈ ತುದಿ. ಎರಡೂ ಕಡೆಯಿಂದ ಒಮ್ಮೆ ಜೋರಾಗಿ ಜಗ್ಗಿದರೆ ಫಟ್ ಎಂದು ಸಪ್ಪಳವಾಗಿ ಸುಕ್ಕು ಹೋಗುತ್ತದೆ. ಆಮೇಲೆ ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ದಿನಕ್ಕೆ ನೂರಾರು ಸಲ ನಾವಿಬ್ಬರೂ ಹೀಗೆ ಎದುರುಬದುರು ನಡೆದು ಬರುತ್ತಿದ್ದೆವು. ಮಾತಾಡಬೇಕಾದ್ದೇನೂ ಇರುತ್ತಿರಲಿಲ್ಲ.

ವಾರ್ಡಿನಿಂದ ಬರುವ ಮೈಲಿಗೆ ಬಟ್ಟೆಗೆ ಮೊದಲೆಲ್ಲ ಚೀಟಿ ಹಚ್ಚುತ್ತಿದ್ದರು. ಚೀಟಿ ನೆಂದು ಹರಿದು ಹೋಗುತ್ತಿತ್ತು. ಅದಕ್ಕೇ ಗಂಟಿನ ಗುರುತು ಬಂತು. ಒಂದು ಗಂಟು ಹಾಕಿದ್ದರೆ ದಿನದ ಬಟ್ಟೆ. ಎರಡು ಗಂಟು ಹಾಕಿದ್ದರೆ ಆ ಹಾಸಿಗೆಯ ಮೇಲೆ ಯಾರೋ ತೀರಿಕೊಂಡಿದ್ದಾರೆಂದು ಅರ್ಥ. ಅದನ್ನು ಬೇರೆ ಒಗೆಯಬೇಕು. ಬಿಚ್ಚುವಾಗ ಇಬ್ಬರು ಇರಲೇಬೇಕು. ಸತ್ತವರ ಮೈಮೇಲಿನದು ಏನಾದರೂ ಚಾದರದಲ್ಲಿ ಉಳಿದಿರುತ್ತದೆ, ಉಂಗುರವೋ ಕಟ್ಟಿಸಿದ ಹಲ್ಲೋ. ಒಬ್ಬರೇ ಬಿಚ್ಚಿದರೆ ನಾಳೆ ಮಾತು ಬರುತ್ತದೆ. ಇಬ್ಬರು ಬಿಚ್ಚಿ, ಮೂರು ಸಲ ಝಾಡಿಸಿ, ಸಿಕ್ಕಿದ್ದನ್ನು ಮನೆಯವರಿಗೆ ಮುಟ್ಟಿಸಬೇಕು. ಮೂವತ್ತು ವರ್ಷ ಆ ಇಬ್ಬರು ನಾವೇ.

ಅಕ್ಕ ತೀರಿಕೊಂಡದ್ದು ಆಸ್ಪತ್ರೆಯಲ್ಲಲ್ಲ. ಡಾಕ್ಟರು ಇನ್ನು ಮನೆಗೆ ಕರಕೊಂಡು ಹೋಗಿ ಎಂದಿದ್ದರು. ಮನೆಯಲ್ಲೇ ಇಪ್ಪತ್ತೆರಡು ದಿನ ಇದ್ದಳು. ಔಷಧಕ್ಕೆ ಕೂದಲು ಉದುರುತ್ತಿದ್ದರಿಂದ ಗಿಡ್ಡವಾಗಿ ಕತ್ತರಿಸಿದ್ದೆವು. ಕೈಯಲ್ಲಿ ನೀರಿನ ವಾಟಗ ಎತ್ತುವ ಶಕ್ತಿ ಇರಲಿಲ್ಲ. ನಾನು ರಾತ್ರಿ ಹಗಲು ಅವಳ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಆ ದಿನ ಮಧ್ಯಾಹ್ನ ಅವಳಿಗೆ ಎರಡು ಚಮಚೆ ಗಂಜಿ ಕುಡಿಸಿ, ಬಾಯಿ ಒರೆಸಿ, ಹಾಗೇ ಕುರ್ಚಿಯಿಂದ ಬಾಗಿ ಮಂಚದ ಅಂಚಿಗೆ ತಲೆಯಿಟ್ಟೆ. ಕಣ್ಣು ಹತ್ತಿತು. ಎದ್ದಾಗ ಬಿಸಿಲು ಕಿಟಕಿ ದಾಟಿ ಗೋಡೆಗೆ ಹೋಗಿತ್ತು. ಒಂದು ತಾಸು ಆಗಿರಬೇಕು. ಅಕ್ಕ ಇರಲಿಲ್ಲ.

ಬಿಚ್ಚಿದ ಕೂದಲಿನಲ್ಲೇ ಓಣಿಗೆ ಓಡಿದೆ. ಎದುರುಮನೆಯಾಕೆ ಬಂದು ಮೊದಲು ನನ್ನ ಕೂದಲಿಗೆ ತುರುಬು ಕಟ್ಟಿ, ಆಮೇಲೆ ಅಕ್ಕನ ಕಣ್ಣು ಮುಚ್ಚಿಸಿದಳು.

ನಮ್ಮಲ್ಲಿ ಯಾರಾದರೂ ಹೋದರೆ ಬಂದವರು ಕೇಳುವ ಮೊದಲ ಮಾತು, ಕಡೆಗೆ ಏನೆಂದರು ಎಂದು. ಪಾಸ್ಟರೂ ಕೇಳಿದರು. "ನನ್ನ ಕೈ ಹಿಡಕೊಂಡು ಪ್ರಾರ್ಥನೆ ಮಾಡಾಕತ್ತಿದ್ಳು" ಎಂದೆ. ಬಾಯಿಂದ ತಾನಾಗಿ ಬಂದುಬಿಟ್ಟಿತು. ಅವರು ಅದನ್ನೇ ಸಮಾಧಿಯ ಹತ್ತಿರ ಎಲ್ಲರೆದುರು ಹೇಳಿದರು. ಎಷ್ಟೋ ಜನ ಅತ್ತರು. ಆ ಒಂದು ತಾಸು ಅವಳು ಕರೆದಳೋ, ನೀರು ಕೇಳಿದಳೋ, ಹೆದರಿದಳೋ, ನನಗೆ ತಿಳಿಯದು. ಅವಳ ಬಗಲಲ್ಲೇ ಇದ್ದು ನಾನು ಮಲಗಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಅವತ್ತೇ ಸಂಜೆ ಆ ಹಾಸಿಗೆಯ ಒದ್ದೆಯಾದ ಚಾದರ ತೆಗೆದಾಗ ಕೈ ತಾನಾಗಿ ಎರಡು ಗಂಟು ಹಾಕಿತು. ಆಮೇಲೆ ಬಿಚ್ಚಲು ಇಬ್ಬರು ಬೇಕಾಗಿತ್ತು.

ಹೀಗಾಗಿ ತಮ್ಮನ ಮಗಳು ಸುಣ್ಣದವರನ್ನು ಗೊತ್ತು ಮಾಡಿದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ. ಎರಡು ಸೀರೆ, ಬಿ.ಪಿ. ಗುಳಿಗೆ, ಅವುಗಳ ಕೆಳಗೆ ಆ ಮೂಟೆ. ಚೀಲ ಉಬ್ಬಿದ್ದು ನೋಡಿ ಅವಳು ನಕ್ಕಳು. "ಎರಡ ದಿನಕ್ಕ ಇಷ್ಟ ಸಾಮಾನೇನ ಅತ್ತಿ? ಅಲ್ಲೇ ಇರಾಕ ಹೊಂಟಿಯೇನ?"

ರೆಸಾರ್ಟು ಅಂದರೆ ಒಂದು ಊರು. ಗೇಟಿನಿಂದ ಒಳಗೆ ಹೋಗಲು ಬ್ಯಾಟರಿ ಗಾಡಿ ಬರುತ್ತದೆ. ಜೋಳದ ಹೊಲ, ಗುಡ್ಡ ದಾಟಿ ಬಂದ ಕಣ್ಣಿಗೆ ಒಮ್ಮೆಲೇ ಸಮುದ್ರದ ದಂಡೆ ಕಂಡಿತು. ಲಾರಿಯಲ್ಲಿ ತಂದು ಸುರಿದ ಬಿಳಿ ಉಸುಕು. ಪ್ಲಾಸ್ಟಿಕ್ ಗರಿಯ ತೆಂಗಿನ ಗಿಡ, ಅವಕ್ಕೆ ದೀಪದ ಸರ. ಹೂವಿನ ಅಂಗಿ ತೊಟ್ಟ ಗಂಡಸರು. ಮೇಲೆ ಮನುಷ್ಯನಷ್ಟೆತ್ತರದ ಅಕ್ಷರದಲ್ಲಿ 'ಕೆರಿಬಿಯನ್' ಎಂದು ಬರೆದಿತ್ತು. ಗಾಡಿ ಹೊಡೆಯುವವನನ್ನು ಹಾಗೆಂದರೇನು ಎಂದು ಕೇಳಿದೆ.

"ಅದೊಂದ ದೂರದ ಸಮುದ್ರರಿ ಆಂಟಿ. ಭಾಳ ಛಲೋ ಇರ್ತೈತಂತ್ರಿ. ನಾನೂ ನೋಡಿಲ್ರಿ" ಎಂದ.

ಕೌಂಟರಿನಲ್ಲಿ ಎರಡು ಗ್ಲಾಸು ಕೆಂಪು ಪಾನಕ ಕೊಟ್ಟರು. ಕೈಗೆ ಕಟ್ಟುವ ಎರಡು ಪಟ್ಟಿ ಕೊಟ್ಟರು. "ಇನ್ನೊಬ್ಬರು ಹಿಂದ ಬರ್ತಾರೇನ್ರಿ?" ಎಂದು ಕೇಳಿದರು. ಹೂಂ ಎಂದೆ. ವಿವರಿಸುವ ತ್ರಾಣ ಇರಲಿಲ್ಲ. ಕೋಣೆಯಲ್ಲಿ ಎರಡು ಮಂಚ. ಎರಡರ ಮೇಲೂ ಟವೆಲಿನಿಂದ ಮಾಡಿದ ಹಂಸ. ಮೂವತ್ತು ವರ್ಷ ಟವೆಲು ಮಡಚಿದ ನನಗೆ ಆ ಹಂಸಗಳನ್ನು ನೋಡಿ ನಗು ಬರಬೇಕಾಗಿತ್ತು. ಮುಖ ಒರೆಸುವ ಅರಿವೆಗೆ ಕುತ್ತಿಗೆ ಯಾಕೆ ಎಂದು ಅಕ್ಕ ಇದ್ದಿದ್ದರೆ ಕೇಳುತ್ತಿದ್ದಳು. ಒಂದು ಹಂಸ ತೆಗೆದು ಕುರ್ಚಿಗಿಟ್ಟು, ಆ ಮಂಚದ ಮೇಲೆ ಮೂಟೆ ಇಟ್ಟೆ. ಚೀಲದಲ್ಲಿ ಮುದುಡಿ ಇಡಲು ಮನಸ್ಸಾಗಲಿಲ್ಲ.

ಮೊದಲ ದಿನ ಎಲ್ಲ ಕಡೆ ಅಡ್ಡಾಡಿದೆ. ಸುಳ್ಳು ಸಮುದ್ರದಲ್ಲಿ ತೆರೆ ಬರುವ ಮೊದಲು ಭೋಂಗಾ ಊದುತ್ತಾರೆ. ಊದಿದ ಕೂಡಲೇ ಗದಗ, ಹಾವೇರಿ ಕಡೆಯಿಂದ ಬಂದ ಜನ ಹೋ ಎಂದು ನೀರಿಗೆ ಓಡುತ್ತಾರೆ. ಹತ್ತು ನಿಮಿಷಕ್ಕೆ ತೆರೆ ನಿಲ್ಲುತ್ತದೆ. ಎಲ್ಲರೂ ಮೊಣಕಾಲಮಟ ನೀರಿನಲ್ಲಿ ಸುಮ್ಮನೆ ನಿಂತು ಮತ್ತೆ ಭೋಂಗಾ ಊದುವುದನ್ನು ಕಾಯುತ್ತಾರೆ. ಒಂದು ಕಲ್ಲಿನ ಮೇಲೆ ಕೂತೆ, ಅದರೊಳಗಿಂದ ಡೋಲಿನ ಹಾಡು ಶುರುವಾಯಿತು. ಕಲ್ಲೂ ಸುಳ್ಳು. ಊಟದ ಮನೆಯಲ್ಲಿ ಎಪ್ಪತ್ತು ಪಾತ್ರೆ ಸಾಲಾಗಿದ್ದವು. ಅಲ್ಲಿಂದಿಲ್ಲಿಗೆ ನಡೆದೇ ದಣಿವಾಗಿ ಮೊಸರನ್ನ ಹಾಕಿಕೊಂಡು ಬಂದೆ. ಎಲ್ಲರೂ ಒಳ್ಳೆಯವರೇ. "ಎಂಜಾಯ್ ಮಾಡಾಕತ್ತೀರಿಲ್ಲ ಆಂಟಿ?" ಎಂದು ಹತ್ತು ಜನ ಕೇಳಿದರು. ಹತ್ತು ಜನಕ್ಕೂ ಹೂಂ ಎಂದೆ.

ಮರುದಿನ ಬೆಳಗ್ಗೆ ನಾಷ್ಟಾ ಮಾಡಿ ಬಂದಾಗ ಕೋಣೆ ಸ್ವಚ್ಛವಾಗಿತ್ತು. ಎರಡೂ ಮಂಚಕ್ಕೆ ಹೊಸ ಚಾದರ ಹಾಸಿತ್ತು. ಎರಡರ ಮೇಲೂ ಹಂಸ ಕೂತಿತ್ತು. ಮೂಟೆ ಇರಲಿಲ್ಲ.

ಮಂಚದ ಕೆಳಗೆ ನೋಡಿದೆ. ಬಚ್ಚಲಲ್ಲಿ ನೋಡಿದೆ. ಆಮೇಲೆ ತಿಳಿಯಿತು. ಬಿಳಿ ಚಾದರ ಗಂಟು ಕಟ್ಟಿ ಇಟ್ಟಿದ್ದನ್ನು ನೋಡಿ, ಕೋಣೆ ಒರೆಸುವವನು ತನ್ನ ಕೆಲಸ ಹಗುರ ಮಾಡಲು ನಾನೇ ಕಟ್ಟಿಟ್ಟಿದ್ದೇನೆಂದು ತಿಳಿದು ಒಯ್ದಿದ್ದ. ತಪ್ಪು ನನ್ನದೇ. ಬಟ್ಟೆಯ ಕೆಲಸ ಮಾಡಿದವಳು ಬಿಳಿ ಬಟ್ಟೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಹೋಗಿದ್ದೆ.

ಕೌಂಟರಿಗೆ ಹೋಗಿ ಮೂಟೆಯ ಸಂಗತಿ ಹೇಳಿದೆ. ಅಲ್ಲಿಯ ಹುಡುಗಿ ಕಂಪ್ಯೂಟರಿನಿಂದ ಮುಖ ಎತ್ತಿ, "ಲಾಂಡ್ರಿಗೆ ಹೋಗಿರ್ತೈತ್ರಿ. ಅದರಾಗ ಏನಿತ್ರಿ ಮೇಡಂ? ಬಂಗಾರ?" ಎಂದಳು.

"ಏನಿಲ್ಲ. ಚಾದರ."

"ಚಾದರ ಬೇಕಾದ್ರ ಎಷ್ಟ ಬೇಕಾದ್ರೂ ಹೊಸಾವು ಕೊಡ್ತೇವಲ್ರಿ."

"ನನಗ ಹೊಸಾದ ಬ್ಯಾಡ. ನಿಮ್ಮ ಒಗಿಯೋ ಮನಿ ಎಲ್ಲೈತಿ?"

ಅಲ್ಲಿಗೆ ಗೆಸ್ಟುಗಳು ಹೋಗುವಂತಿಲ್ಲ, ಸಂಜೆ ಹುಡುಕಿಸುತ್ತೇವೆ ಎಂದಳು. ಸಂಜೆಯವರೆಗೆ ಯಂತ್ರ ಎಷ್ಟು ಸಲ ತಿರುಗುತ್ತದೆಂದು ನನಗೆ ಗೊತ್ತು. ನೂರಾರು ಚಾದರಗಳ ಜೊತೆ ಬಿಸಿನೀರಲ್ಲಿ ತಿರುಗಿ ಹೊರಬಂದರೆ ಅದು ಯಾರದೂ ಅಲ್ಲದ ಚಾದರ.

ಅವಳಿಗೆ ಆಯಿತು ಎಂದು ಹೇಳಿ ಹೊರಗೆ ಬಂದು, ಮೂಗು ಹಿಡಿದ ದಾರಿಯಲ್ಲಿ ನಡೆದೆ. ಬಟ್ಟೆ ಸೋಡಾ, ಬಿಸಿ ಹಬೆ ಮತ್ತು ಒದ್ದೆ ಹತ್ತಿಯ ಆ ವಾಸನೆ ಎಲ್ಲಿದ್ದರೂ ನನಗೆ ತಿಳಿಯುತ್ತದೆ. ಅಡುಗೆಮನೆಯ ಹಿಂದೆ 'ಸಿಬ್ಬಂದಿಗೆ ಮಾತ್ರ' ಎಂಬ ಫಲಕವಿತ್ತು. ದಾಟಿದೆ. ಒಂದು ತಗಡಿನ ಗೋಡೆ ತಿರುಗಿದ ಕೂಡಲೇ ಸುಳ್ಳು ಸಮುದ್ರದ ಹಾಡು ನಿಂತುಹೋಯಿತು. ಎದುರಿಗೆ ದೊಡ್ಡ ಬಯಲು. ಬಯಲ ತುಂಬ ಹಗ್ಗ, ಹಗ್ಗದ ತುಂಬ ಬಿಳಿ ಚಾದರ. ಗಾಳಿ ಬಂದಾಗ ಎಲ್ಲ ಒಟ್ಟಿಗೆ ಉಬ್ಬಿ ಮತ್ತೆ ಇಳಿಯುತ್ತಿದ್ದವು. ಆಚೆ ಕಂಪೌಂಡಿನ ಹೊರಗೆ ಜೋಳದ ಹೊಲ. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಉಸಿರು ಹೊಟ್ಟೆಯವರೆಗೂ ಹೋದಂತೆ ಅನಿಸಿತು. ಆದರೆ ನಿಲ್ಲಲಿಲ್ಲ. ಚಾದರಗಳ ನಡುವೆ ಹಾದು ಒಗೆಯುವ ಮನೆಯ ಬಾಗಿಲಿಗೆ ಹೋದೆ.

ಒಳಗೆ ನಾಲ್ಕು ಜನ ಹೆಂಗಸರಿದ್ದರು. ಮೂವರು ಯಂತ್ರದ ಹತ್ತಿರ. ಒಬ್ಬಳು, ಐವತ್ತರ ಮೇಲಿನವಳು, ಬಾಗಿಲ ಪಕ್ಕ ಕಟ್ಟೆಯ ಮೇಲೆ ಟವೆಲು ಮಡಚುತ್ತ ಕೂತಿದ್ದಳು. ಅವಳ ಪಕ್ಕ ಬೋರಲು ಹಾಕಿದ ಬಕೆಟ್ಟು. ಅದರ ಮೇಲೆ ನನ್ನ ಮೂಟೆ. ಎರಡೂ ಗಂಟು ಹಾಗೇ ಇದ್ದವು.

 ಮೂಟೆಯ ಕಡೆ ಕೈ ತೋರಿಸಿದೆ.

"ನಿಮ್ದೇನ್ರಿ?" ಎಂದು ಅವಳು ಎದ್ದು ನಿಂತಳು. ದನಿ ತಗ್ಗಿಸಿ, "ಕ್ವಾಣ್ಯಾಗ ಯಾರರೆ ಹ್ವಾದ್ರೇನ್ರಿ?" ಎಂದಳು.

"ಇಲ್ಲ. ಇದು ಮನೀದು. ಎಂಟ ತಿಂಗಳಾತು."

"ಅಂತೂ ಬಂದ್ರಲ್ಲ" ಎಂದು ಯಂತ್ರದ ಹತ್ತಿರದವಳು ಕೂಗಿದಳು. "ನಮ್ಮ ಕಾಕಿ ಮುಂಜಾನಿಯಿಂದ ಆ ಗಂಟಿಗೆ ಕಾವಲ ಕುಂತಾಳ್ರಿ. ನಾ ಮಷಿನ್‌ಗೆ ಹಾಕಾಕ ಹೋದ್ರ ಕೈ ಮ್ಯಾಲ ಹೊಡದ್ಳು."

"ಬಂಗಾರ ಇರ್ಬೇಕು. ಒಬ್ಬಾಕಿನ ಹೊಡ್ಕೋಬೇಕಂತ ಮಾಡ್ಯಾಳ" ಎಂದು ಇನ್ನೊಬ್ಬಳು ಅಂದಳು.

"ಬಂಗಾರ ಸಿಕ್ಕಿದ್ರ ನಿನ್ನಂಥಾಕಿ ಜೋಡಿ ಕುಂತ ಅರಿವಿ ಹಿಂಡತಿದ್ನೇನ? ನಿನ್ನ ಕೆಲ್ಸ ನೋಡ ಹೋಗು" ಎಂದು ಕಾಕಿ ಅವಳನ್ನು ಬಯ್ದು, ನನ್ನ ಕಡೆ ತಿರುಗಿದಳು. "ಎರಡ ಗಂಟಿಂದ ಮಷಿನ್‌ಗೆ ಹಾಕೂದಿಲ್ರಿ. ನಮ್ಮತ್ತಿ ಹೇಳಿಕೊಟ್ಟಿದ್ಲು. ಆಕಿ ದವಾಖಾನಿ ಅರಿವಿ ಒಗಿಯಾಕಿ. ನಾ ಮದುವಿಯಾಗಿ ಹೊಸದಾಗಿ ಬಂದಾಗ ನನ್ನೂ ಕರಕೊಂಡ ಹೋಗ್ತಿದ್ಲು."

ಯಾವ ದವಾಖಾನೆ ಎಂದು ಕೇಳಿದೆ. ನಮ್ಮದೇ.

ನಾವಿಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದೆವು. ಅವಳ ಅತ್ತೆ ನನಗೆ ನೆನಪಿದ್ದಳು, ಹಣೆಯ ಮೇಲೆ ಹಚ್ಚೆ ಇದ್ದ ಎತ್ತರದ ಹೆಂಗಸು. ಸೊಸೆಯ ಮುಖ ನೆನಪಿಗೆ ಬರಲಿಲ್ಲ. ಅವಳಿಗೆ ನನ್ನದು ಬಂತು.

"ನೀವು ಪಿನ್ನಿನ ಬಾಯಾರ ತಂಗಿ ಅಲ್ಲೇನ್ರಿ?"

"ಯಾವ ಪಿನ್ನಿನ ಬಾಯಾರು?" ಎಂದೆ. ನಮ್ಮನ್ನೆಲ್ಲ ಅಲ್ಲಿ ಮೇಡಂ ಅನ್ನುವ ಬದಲು ಬಾಯಾರೆನ್ನುತ್ತಿದ್ದರು, ಪಿನ್ನು ಮಾತ್ರ ತಿಳಿಯಲಿಲ್ಲ.

ಅವಳು ನಕ್ಕುಬಿಟ್ಟಳು. "ನಿಮ್ಮ ಅಕ್ಕಾರ್ರಿ! ನಾವೆಲ್ಲಾ ಹಂಗ ಕರೀತಿದ್ವಿ. ಚಾದರದಾಗ ಹೆರಪಿನ್ ಸಿಕ್ತಂದ್ರ ಮುಗೀತ್ರಿ ಅವತ್ತು. 'ಇದೇನ ಚಾದರ ಐತೋ, ಪಿನ್ನಿನ ಅಂಗಡಿಯೋ? ತುಕ್ಕ ಹತ್ತಿದ್ರ ನಿಮ್ಮಪ್ಪ ಬಂದ ತಗೀತಾನೇನ?' ಅಂತಿದ್ರು. ನಮ್ಮತ್ತಿ ಮನ್ಯಾಗ ಅವರಂಗ ಮಾಡಿ ತೋರಿಸಿ ನಮ್ಮನ್ನ ನಗಸ್ತಿದ್ಲು."

ಖರೇ. ಅಕ್ಕನಿಗೆ ಹೇರ್‌ಪಿನ್ನೆಂದರೆ ವೈರಿ. ಬಿಳಿ ಬಟ್ಟೆಯಲ್ಲಿ ಒಂದು ಪಿನ್ನು ನೆಂದರೆ ತುಕ್ಕಿನ ಗೆರೆ ಬೀಳುತ್ತದೆ. ಮನೆಯಲ್ಲೂ ಅಷ್ಟೇ. ನಾನು ಸಣ್ಣವಳಿದ್ದಾಗಿನಿಂದ, ತುರುಬಿನ ಪಿನ್ನು ತೆಗೆಯದೆ ಮಲಗಿಬಿಡುವ ಚಾಳಿ ನನ್ನದು. ಅವಳು ಬಂದು, ನಾನು ಏಳದ ಹಾಗೆ ಒಂದೊಂದೇ ಪಿನ್ನು ಎಳೆದು, ಎರಡನ್ನೂ ಒಂದರ ಕಾಲಿನಲ್ಲಿ ಒಂದನ್ನು ಸಿಕ್ಕಿಸಿ ಇಡುತ್ತಿದ್ದಳು. ಹಾಗೆ ಜೋಡಿಸಿದರೆ ಕಳೆಯುವುದಿಲ್ಲ ಎನ್ನುತ್ತಿದ್ದಳು. ಇಷ್ಟೆಲ್ಲ ಗೊತ್ತಿತ್ತು. ಆದರೆ ಅವಳಿಗೆ ಇಂಥ ಒಂದು ಹೆಸರಿತ್ತೆಂದು, ಎಲ್ಲೋ ಒಂದು ಮನೆಯಲ್ಲಿ ಅವಳ ಮಾತು ಮಾಡಿ ತೋರಿಸಿ ಜನ ನಗುತ್ತಿದ್ದರೆಂದು, ಮೂವತ್ತು ವರ್ಷದಲ್ಲಿ ನನಗೆ ತಿಳಿದಿರಲಿಲ್ಲ.

"ನನಗೇನ ಹೆಸರಿತ್ತು?" ಎಂದೆ.

"ನಿಮಗ ಹೆಸರಿರ್ಲಿಲ್ರಿ" ಎಂದಳು ಸ್ವಲ್ಪ ನಾಚಿ. "ನೀವು ಮಾತಾಡ್ತಿರ್ಲಿಲ್ಲಲ್ಲ."

ಆಮೇಲೆ ಮೂಟೆಯ ಕಡೆ ನೋಡಿದಳು. "ಅವರದ ಏನ್ರಿ ಇದು?"

ಹೂಂ ಎಂದೆ. ಅವಳು ಕಟ್ಟೆಯ ಮೇಲೆ ಜಾಗ ಮಾಡಿದಳು. ಒಬ್ಬಳು ಸ್ಟೀಲಿನ ಲೋಟದಲ್ಲಿ ಚಹಾ ತಂದುಕೊಟ್ಟಳು. ಬೆಲ್ಲದ ಚಹಾ. ಆ ಊಟದ ಮನೆಯ ಎಪ್ಪತ್ತು ಪಾತ್ರೆಯಲ್ಲಿ ಅಂಥದ್ದು ಇರಲಿಲ್ಲ. ಯಾರೂ ಎಂಜಾಯ್ ಮಾಡುತ್ತೀರಾ ಎಂದು ಕೇಳಲಿಲ್ಲ. ಕಾಕಿ ಟವೆಲಿನ ರಾಶಿಯನ್ನು ನನ್ನ ಕಡೆ ಅರ್ಧ ಸರಿಸಿದಳು. ಕೇಳದೆಯೇ ನಾನು ಮಡಚತೊಡಗಿದೆ. ಉದ್ದಕ್ಕೆ ಎರಡು, ಅಡ್ಡಕ್ಕೆ ಮೂರು. ಕೈ ಮರೆತಿರಲಿಲ್ಲ. ಹೊರಗೆ ಚಾದರಗಳು ಉಬ್ಬುವುದು, ಇಳಿಯುವುದು ಕಾಣುತ್ತಿತ್ತು. ಅದಕ್ಕೆ ಭೋಂಗಾ ಬೇಕಾಗಿರಲಿಲ್ಲ.

ರಾಶಿ ಮುಗಿಯುತ್ತ ಬಂದಾಗ ಅವಳು ಅಂದಳು, "ಬಿಚ್ಚೂಣೇನ್ರಿ? ಈಗ ಇಬ್ಬರದೇವಿ."

ಬೇಡ ಎನ್ನಬಹುದಿತ್ತು. ಚೀಲಕ್ಕೆ ಹಾಕಿಕೊಂಡು ಮರಳಿ ಮಂಚದ ಕೆಳಗೆ ಇಡಬಹುದಿತ್ತು. ದಿನಾ ಬಗ್ಗಿ ನೋಡುವ ಆ ಕೆಲಸದಿಂದ ನನಗೆ ಎಷ್ಟು ದಣಿವಾಗಿತ್ತೆಂದು ಆಗಲೇ ತಿಳಿದದ್ದು. "ಬಿಚ್ಚೂಣು" ಎಂದೆ.

ಗಂಟು ಬಿಗಿದು ಕಲ್ಲಾಗಿದ್ದವು. ಅವಳು ತಲೆಯ ಪಿನ್ನು ತೆಗೆದು ಮೇಲಿನ ಗಂಟು ಸಡಿಲಿಸಿದಳು. ಕೆಳಗಿನದನ್ನು ನಾನು ಬಿಚ್ಚಿದೆ. ಔಷಧದ, ಪೌಡರಿನ, ಮುಚ್ಚಿಟ್ಟ ಬಟ್ಟೆಯ ವಾಸನೆ ಬಂದು ಹೋಯಿತು. ನಿಯಮದ ಹಾಗೆ ಎರಡೂ ತುದಿ ಹಿಡಿದು ಮೂರು ಸಲ ಝಾಡಿಸಿದೆವು. ಏನೂ ಬೀಳಲಿಲ್ಲ.

"ಏನಿಲ್ಲ" ಎಂದೆ.

"ತಡೀರಿ" ಎಂದಳು. "ಇಲ್ಲೇನೋ ಹತ್ತಿಕೊಂಡೈತಿ."

ಅಂಚಿನ ಹತ್ತಿರ, ತುಕ್ಕು ಹಿಡಿದು ಬಟ್ಟೆಗೇ ಅಂಟಿಕೊಂಡು, ಎರಡು ಹೇರ್‌ಪಿನ್ನಿದ್ದವು. ಅವಳು ಉಗುರಿನಿಂದ ಎಬ್ಬಿಸಿ ನನ್ನ ಅಂಗೈಗೆ ಹಾಕಿದಳು. "ನೋಡ್ರಿ, ಪಿನ್ನಿನ ಬಾಯಾರ ಚಾದರದಾಗ ಪಿನ್ನ!" ಎಂದು ನಗಲು ಹೋದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

ಒಂದರ ಕಾಲಿನಲ್ಲಿ ಒಂದು ಸಿಕ್ಕಿಸಿದ್ದವು.

ಅಕ್ಕನ ತಲೆಯಲ್ಲಿ ಪಿನ್ನು ಹಾಕುವಷ್ಟು ಕೂದಲೇ ಇರಲಿಲ್ಲ. ಇವು ನನ್ನವು. ಅವತ್ತು ಬೆಳಗ್ಗೆ ತುರುಬು ಕಟ್ಟಿ ಎರಡು ಪಿನ್ನು ಹಾಕಿದ್ದೆ. ಓಣಿಗೆ ಓಡಿದಾಗ ಕೂದಲು ಬಿಚ್ಚಿತ್ತು. ಎದುರುಮನೆಯಾಕೆ ಕಟ್ಟಿಕೊಟ್ಟಿದ್ದಳು. ಯಾಕೆ ಬಿಚ್ಚಿತ್ತೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ನೀರಿನ ವಾಟಗ ಎತ್ತಲಾರದ ಕೈ. ಒಂದು ಪಿನ್ನು ಎಳೆಯಲು ಅದಕ್ಕೆ ಎಷ್ಟು ಹೊತ್ತು ಹಿಡಿದಿರಬೇಕು, ಎರಡನ್ನು ಜೋಡಿಸಲು ಎಷ್ಟು ಹೊತ್ತು. ನಾನು ಏಳಬಾರದೆಂದು ಮೆಲ್ಲಗೆ. ಅವಳು ಕರೆಯಲಿಲ್ಲ. ಕರೆಯಬೇಕೆಂದಿದ್ದರೆ ಅವಳ ಕೈ ನನ್ನ ತಲೆಯ ಮೇಲೇ ಇತ್ತು, ಕೂದಲು ಜಗ್ಗಿದ್ದರೆ ಸಾಕಿತ್ತು.

ಇಷ್ಟನ್ನು ನಾನು ಆ ಹೆಂಗಸಿಗೆ ಹೇಳಿದೆ. ಹೇಗೆ ಹೇಳಿದೆನೋ, ಮಲಗಿದ್ದು, ಸುಳ್ಳು ಹೇಳಿದ್ದು, ಎಲ್ಲ. ಯಂತ್ರ ತಿರುಗುತ್ತಿತ್ತು. ಅವಳು ಸಮಾಧಾನ ಹೇಳಲಿಲ್ಲ. ಕೇಳಿಸಿಕೊಂಡು, ಚಾದರದ ಅಂಚು ಬೆಳಕಿಗೆ ಹಿಡಿದು, "ತುಕ್ಕ ಬಿದ್ದೈತ್ರಿ. ಲಿಂಬಿಹಣ್ಣು ಉಪ್ಪು ತರಸ್ತೇನಿ. ಇಲ್ಲಂದ್ರ ಬಾಯಾರ ನಮ್ಮನ್ನ ಬಿಡೂದಿಲ್ಲ" ಎಂದಳು.

ಅಡುಗೆಮನೆಯಿಂದ ಲಿಂಬೆಹಣ್ಣು ಬಂದವು. ಕಲ್ಲಿನ ಮೇಲೆ ಹರವಿ, ತುಕ್ಕಿನ ಗೆರೆಗೆ ಉಪ್ಪು ಹಾಕಿ ಲಿಂಬೆಯ ಹೋಳಿನಿಂದ ತಿಕ್ಕಿ ಬಿಸಿಲಿಗೆ ಬಿಟ್ಟೆವು. ಆಮೇಲೆ ತಣ್ಣೀರಿನಲ್ಲಿ, ಯಂತ್ರಕ್ಕೆ ಹಾಕದೆ, ಕೈಯಿಂದ ಒಗೆದೆ. ಮಧ್ಯಾಹ್ನ ಅವರ ಜೊತೆಗೇ ಉಂಡೆ, ಜೋಳದ ರೊಟ್ಟಿ, ಪುಂಡಿಪಲ್ಲೆ, ಒಂದು ಹಸಿ ಉಳ್ಳಾಗಡ್ಡಿ. ಎರಡು ರೊಟ್ಟಿ ತಿಂದೆ. ಬಹಳ ದಿನದ ಮೇಲೆ ನಾಲಿಗೆಗೆ ರುಚಿ ಹತ್ತಿತ್ತು. ಕೌಂಟರಿನ ಹುಡುಗಿ ಹುಡುಕಿಕೊಂಡು ಬಂದು, ಗೆಸ್ಟು ಕೆಲಸದವರ ಪಂಕ್ತಿಯಲ್ಲಿ ಕೂತದ್ದನ್ನು ನೋಡಿ ಗಾಬರಿಯಾದಳು. "ಮೇಡಂ, ಈಗ ಕೆರಿಬಿಯನ್ ಡಾನ್ಸ್ ಐತ್ರಿ, ಬರ್ರಿ" ಎಂದಳು.

"ಅವರು ಇಲ್ಲೇ ಎಂಜಾಯ್ ಮಾಡಾಕತ್ತಾರ, ಹೋಗವಾ ನೀ" ಎಂದಳು ಕಾಕಿ.

ಹೊತ್ತು ಇಳಿಯುವ ಮೊದಲು ಚಾದರ ಒಣಗಿತು. ಅವಳು ಆ ತುದಿ ಹಿಡಿದಳು, ನಾನು ಈ ತುದಿ. ನಾನು ಅಳುಕುತ್ತ ಮೆಲ್ಲಗೆ ಜಗ್ಗಿದೆ. "ಎಳೀರಿ ಬಾಯಾರ, ನಾ ಏನ ಬೀಳಂಗಿಲ್ಲ" ಎಂದಳು. ಜೋರಾಗಿ ಎಳೆದೆ. ಫಟ್ ಎಂದಿತು. ನಡೆದು ಹೋಗಿ ತುದಿಗೆ ತುದಿ ಕೂಡಿಸಿದೆ. ಬೇರೆಯ ಕೈ, ಬೇರೆಯ ಬೆರಳು. ಅಕ್ಕನದಲ್ಲ ಎಂಬುದು ಪ್ರತಿ ಮಡಿಕೆಯಲ್ಲೂ ತಿಳಿಯುತ್ತಿತ್ತು. ಆದರೂ ಚಾದರ ಮಡಚಿತು. ತುಕ್ಕಿನ ಗೆರೆ ಮುಕ್ಕಾಲು ಹೋಗಿತ್ತು. ಕಾಲು ಭಾಗ ಹಳದಿಯಾಗಿ ಉಳಿದಿತ್ತು, ಎರಡು ಸಣ್ಣ ಗೆರೆ.

ಮನೆಗೆ ಬಂದಾಗ ಸುಣ್ಣದ ಹಸಿ ವಾಸನೆ. ಮಂಚದ ಕೆಳಗೆ ಗುಡಿಸಿ ಒರೆಸಿ ಸ್ವಚ್ಛವಾಗಿತ್ತು. ತಮ್ಮನ ಮಗಳು ಸೆರಗು ಕಟ್ಟಿಕೊಂಡು ಪಾತ್ರೆ ಜೋಡಿಸುತ್ತಿದ್ದಳು.

"ಮಜಾ ಬಂತೇನ ಅತ್ತಿ?"

ಚೀಲದಿಂದ ಚಾದರ ತೆಗೆದು ಅವಳ ಮುಂದಿಟ್ಟೆ. ಪಿನ್ನುಗಳನ್ನೂ ಇಟ್ಟೆ. ದಣಿವಾಗಿತ್ತು, ಆದರೆ ಹೇಳದೆ ಕೂಡುವ ದಣಿವು ಅದಕ್ಕಿಂತ ದೊಡ್ಡದು. "ಅವತ್ತ ದೊಡ್ಡತ್ತಿ ಹೋಗುಮುಂದ ನಾ ಮಲಗಿದ್ದೆ. ಪ್ರಾರ್ಥನಿ ಗೀರ್ಥನಿ ಏನೂ ಇಲ್ಲ. ನಾ ಸುಳ್ಳ ಹೇಳಿದ್ದೆ" ಎಂದೆ.

ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ನನಗ ಗೊತ್ತಿತ್ತ ಬಿಡ ಅತ್ತಿ" ಎಂದಳು.

"ಹೆಂಗ?"

"ನಾ ಬಂದಾಗ ನಿನ್ನ ಗಲ್ಲದ ಮ್ಯಾಲ ಚಾದರದ ನಿರಿಗಿ ಮೂಡಿದ್ವು. ಎದುರುಮನಿ ಆಂಟಿನೂ ನೋಡ್ಯಾರ. ಇಪ್ಪತ್ತೆರಡ ದಿನಾ ಕಣ್ಣ ಮುಚ್ಚಿರ್ಲಿಲ್ಲ ನೀ. ಇದನ್ನೇನ ಕೇಳೂದು?"

ಎಂಟು ತಿಂಗಳು ನಾನು ಮುಚ್ಚಿಟ್ಟದ್ದು ನನ್ನ ಮುಖದ ಮೇಲೇ ಬರೆದಿತ್ತು. ಬಂದವರೆಲ್ಲ ನೋಡಿ, ಸುಮ್ಮನಿದ್ದು, ಚಹಾ ಕುಡಿದು ಹೋಗಿದ್ದರು.  ಆಮೇಲೆ ನಾನೇ ಎದ್ದು ಅಕ್ಕನ ಮಂಚಕ್ಕೆ ಹಾಸಿದ್ದ ಸುಣ್ಣದ ಹನಿ ಬಿದ್ದ ಹಳೆಯ ಹೊದಿಕೆ ತೆಗೆದೆ. ಮಡಚಿ ತಂದ ಚಾದರವನ್ನು ಬಿಡಿಸಿದೆ.

"ಹಿಡಿ ಆ ತುದಿ."

ಅವಳು ಓದಿದ ಹುಡುಗಿ, ಇಂಥ ಕೆಲಸ ಮಾಡಿದವಳಲ್ಲ. ಒಂದು ಮೂಲೆ ಹಿಡಿದಳು, ಇನ್ನೊಂದು ಕೈತಪ್ಪಿ ಹಸಿ ನೆಲಕ್ಕೆ ತಾಗಿತು.

"ಇದೇನ ಚಾದರ ಅಂತ ತಿಳದಿಯೋ, ನೆಲಾ ಒರಸೋ ಅರಿವಿ ಅಂತ ತಿಳದಿಯೋ?" ಎಂದೆ. ಸುಣ್ಣ ಹೊಡೆದ ಖಾಲಿ ಕೋಣೆಯಲ್ಲಿ ನನ್ನ ದನಿ ಜೋರಾಗಿ ಕೇಳಿಸಿತು. "ಎತ್ತಿ ಹಿಡಿ. ಹಾಂ, ಈಗ ಜಗ್ಗು."